ಹೆಬ್ಬೆರಳಿಲ್ಲದೆ ಅನ್ನ ಕಲಸೋದು ಹೇಗೆ?

ಹಾಸನದ ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಮಕ್ಕಳು ಮತ್ತು ಪುರಾಣದ ಪುಸ್ತಕಗಳ ಬಗ್ಗೆ ಆಡಿದ ಮಾತುಗಳಿವು. ಬಂದಿದ್ದ ತಾಯಂದಿರು ಕೆಲವರು ಬರೆದು ಕೊಡಿ ಎಂದು ಕೇಳಿದರು. ನೆನಪಿದ್ದಷ್ಟನ್ನು ಆಡಿದ ಹಾಗೇ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ಭಾನುವಾರದ ಮನೆಗೆಲಸ ಬದಿಗಿಟ್ಟು ಬಂದಿದ್ದೀರಿ, ಮಕ್ಕಳನ್ನೂ ಕರೆತಂದಿದ್ದೀರಿ. ತುಂಬ ಸಂತೋಷ.

ನಾನು ಪ್ರೈಮರಿ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತಳಾದವಳು. ಈಗ ಪ್ರತಿ ಶನಿವಾರ ಸಂಜೆ ನಮ್ಮ ಮನೆ ಜಗಲಿಯಲ್ಲಿ ಬೀದಿಯ ಹತ್ತು ಹನ್ನೆರಡು ಮಕ್ಕಳು ಸೇರುತ್ತಾರೆ. ನಾನು ಒಂದು ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತೇನೆ, ಅವರು ಕೇಳುತ್ತಾರೆ. ನಡುವೆ ತಿನ್ನೋಕೆ ಏನಾದರೂ ಇರುತ್ತದೆ.

ಹೋದ ಮಳೆಗಾಲದ ಒಂದು ಶನಿವಾರ ಏಕಲವ್ಯನ ಕಥೆ ನಡೆದಿತ್ತು. ದ್ರೋಣರು ಗುರುದಕ್ಷಿಣೆ ಕೇಳಿದರು. ಏಕಲವ್ಯ ಬಲಗೈ ಹೆಬ್ಬೆರಳು ಕತ್ತರಿಸಿ ಕೊಟ್ಟ. ಗುರುಭಕ್ತಿ ಎಂದರೆ ಹೀಗಿರಬೇಕು ಅಂತ ಹೇಳಿ ಆ ಪುಸ್ತಕ ಮುಗಿಯುತ್ತದೆ. ನಾನು ಆ ಕೊನೇ ಸಾಲಿಗೆ ಬರುವಷ್ಟರಲ್ಲಿ ಏಳು ವರ್ಷದ ಹುಡುಗ ಒಬ್ಬ ಕೈ ಎತ್ತಿದ.

"ಅಜ್ಜಿ, ಹೆಬ್ಬೆರಳಿಲ್ಲದೆ ಅವನು ಅನ್ನ ಹೇಗೆ ಕಲಸ್ತಾನೆ?"

ನನಗೆ ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿದ್ದ ಹುಡುಗಿ ತನ್ನ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಕೊಂಡು ಮುಂದಿದ್ದ ಕಡ್ಲೆಪುರಿಗೆ ಕೈ ಹಾಕಿದಳು. ನಾಲ್ಕು ಬೆರಳಿನ ಸಂದಿಯಲ್ಲಿ ಪುರಿ ಸೋರಿ ಲಂಗದ ಮೇಲೆಲ್ಲ ಬಿತ್ತು. ಅವಳನ್ನು ನೋಡಿ ಎಲ್ಲರೂ ಶುರು ಮಾಡಿದರು. ಒಬ್ಬ ಅಂಗಿಯ ಗುಂಡಿ ಹಾಕಲು ನೋಡಿದ, ಆಗಲಿಲ್ಲ. ಇನ್ನೊಬ್ಬ ಪೆನ್ಸಿಲ್ ಹಿಡಿದು ಹೆಸರು ಬರೆಯಲು ಹೋದ, ಅಕ್ಷರ ಮೂಡಲಿಲ್ಲ. ಮೊದಲು ನಗುತ್ತಿದ್ದರು. ಆಮೇಲೆ ಒಬ್ಬೊಬ್ಬರೇ ಸುಮ್ಮನಾದರು. ಜಗಲಿಯ ತುಂಬ ಪುರಿ ಚೆಲ್ಲಿತ್ತು. ಹೊರಗೆ ಮಳೆ ಹುಯ್ಯುತ್ತಿತ್ತು. ಲಂಗದ ಮೇಲೆ ಬಿದ್ದ ಪುರಿ ಆರಿಸುತ್ತಾ ಆ ಹುಡುಗಿಯೇ ಕೇಳಿದಳು: "ದ್ರೋಣರಿಗೆ ಬೇರೆ ಏನೂ ಬೇಕಿರಲಿಲ್ವಾ?"

ನಾನು ಪುಸ್ತಕ ಮುಚ್ಚಿದೆ. ದ್ರೋಣರು ಅರ್ಜುನನಿಗೆ ಮಾತು ಕೊಟ್ಟಿದ್ದರು, ನಿನ್ನ ಸಮಾನ ಬಿಲ್ಲುಗಾರ ಇನ್ನೊಬ್ಬ ಇರೋದಿಲ್ಲ ಅಂತ. ಕಾಡಿನಲ್ಲಿ ಏಕಲವ್ಯನನ್ನು ನೋಡಿದ ಅರ್ಜುನ ಬಂದು ಆ ಮಾತನ್ನು ನೆನಪಿಸಿದ. ಅದಾದ ಮೇಲೆ ದ್ರೋಣರು ಹೋಗಿ ಹೆಬ್ಬೆರಳು ಕೇಳಿದ್ದು. ಇದು ನಾನು ಕಟ್ಟಿದ್ದಲ್ಲ, ಮಹಾಭಾರತದ ಆದಿಪರ್ವದಲ್ಲೇ ಇದೆ. ನಮ್ಮ ಕೈಯಲ್ಲಿದ್ದ ಪುಟ್ಟ ಪುಸ್ತಕದಲ್ಲಿ ಮಾತ್ರ ಇರಲಿಲ್ಲ. ಅದನ್ನು ಹೇಳಿದ ಮೇಲೆ ಮಕ್ಕಳು ಮುಕ್ಕಾಲು ಗಂಟೆ ಮಾತಾಡಿದರು. ದ್ರೋಣರು ಮಾಡಿದ್ದು ತಪ್ಪು ಅಂದರು ಕೆಲವರು. ಮಾತು ಕೊಟ್ಟಮೇಲೆ ಉಳಿಸಿಕೊಳ್ಳಬೇಕಲ್ವಾ ಅಂದ ಒಬ್ಬ. ಅರ್ಜುನ ಮನೆಗೆ ಹೋಗಿ ನಿದ್ದೆ ಮಾಡಿದನಾ ಅಂತ ಕೇಳಿದಳು ಇನ್ನೊಬ್ಬಳು.

ಅವತ್ತು ರಾತ್ರಿ ನನಗೆ ನನ್ನ ತರಗತಿಯ ಬೋರ್ಡು ನೆನಪಾಯಿತು. ಮೂವತ್ತು ವರ್ಷ ನಾನೂ ಪ್ರತಿ ಕಥೆಯ ಕೆಳಗೆ 'ನೀತಿ' ಅಂತ ಬರೆದು ಗೆರೆ ಎಳೆಸಿದವಳು. ಏಕಲವ್ಯ, ಗುರುಭಕ್ತಿ. ಶ್ರವಣಕುಮಾರ, ತಂದೆತಾಯಿ ಸೇವೆ. ಹರಿಶ್ಚಂದ್ರ, ಸತ್ಯ. ಮಕ್ಕಳು ನೀಟಾಗಿ ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಹಾಗೇ ಬರೆಯುತ್ತಿದ್ದರು. ಆ ಮೂವತ್ತು ವರ್ಷದಲ್ಲಿ ಒಂದು ಮಗುವೂ ಅನ್ನ ಕಲಸೋದರ ಬಗ್ಗೆ ನನ್ನನ್ನು ಕೇಳಿರಲಿಲ್ಲ. ಕೇಳೋಕೆ ನಾನು ಜಾಗವನ್ನೇ ಬಿಟ್ಟಿರಲಿಲ್ಲ. ಅದು ನನ್ನನ್ನು ಈಗಲೂ ಕಾಡುತ್ತದೆ. ಇವತ್ತು ನಿಮ್ಮ ಮುಂದೆ ನಿಂತಿರುವುದೂ ಅದಕ್ಕೇ.

ನಮ್ಮ ಕಥೆಗಳು ಶುರುವಾಗುವುದೇ ಪ್ರಶ್ನೆಯಿಂದ. ವಾಲ್ಮೀಕಿ ನಾರದರನ್ನು ಕೇಳುತ್ತಾರೆ, ಈ ಲೋಕದಲ್ಲಿ ಈಗ ಗುಣವಂತ ಯಾರಿದ್ದಾರೆ ಅಂತ. ಅಲ್ಲಿಂದ ರಾಮಾಯಣ. ಜನಮೇಜಯ ತನ್ನ ಮುತ್ತಜ್ಜಂದಿರ ಕಥೆ ಕೇಳುತ್ತಾನೆ, ವೈಶಂಪಾಯನರು ಹೇಳುತ್ತಾರೆ, ಅದು ಭಾರತ. ಏಳು ದಿನದಲ್ಲಿ ಸಾಯುತ್ತೇನೆ ಅಂತ ಗೊತ್ತಿರುವ ಪರೀಕ್ಷಿತ ಶುಕಮುನಿಗಳನ್ನು ಕೇಳುತ್ತಾನೆ, ಅದು ಭಾಗವತ. ಕಠೋಪನಿಷತ್ತಿನ ನಚಿಕೇತನಂತೂ ನಮ್ಮ ಮಕ್ಕಳ ಹಾಗೇ ಒಬ್ಬ ಹುಡುಗ. ಅಪ್ಪ ಮುದಿ ಹಸುಗಳನ್ನು ದಾನ ಕೊಡೋದು ನೋಡಿ, ನನ್ನನ್ನು ಯಾರಿಗೆ ಕೊಡ್ತೀಯಪ್ಪ ಅಂತ ಮೂರು ಸಲ ಕೇಳಿದ. ಅಪ್ಪನಿಗೆ ಸಿಟ್ಟು ಬಂತು, ಯಮನಿಗೆ ಕೊಟ್ಟೆ ಅಂದ. ಹುಡುಗ ಯಮನ ಮನೆಗೂ ಹೋಗಿ ಅಲ್ಲೂ ಪ್ರಶ್ನೆ ಕೇಳಿದ. ಯಮ ಸಿಟ್ಟಾಗಲಿಲ್ಲ, ಉತ್ತರ ಹೇಳಿದ.

ನನ್ನ ವಯಸ್ಸಿನವರಿಗೆ ಚಂದಮಾಮ ನೆನಪಿರುತ್ತದೆ. 1947ರಲ್ಲಿ ಮದರಾಸಿನಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ 1949ಕ್ಕೆ ಕನ್ನಡಕ್ಕೂ ಬಂದ ಪತ್ರಿಕೆ. ಅದರಲ್ಲಿ ನಮಗೆ ಜಾಸ್ತಿ ಇಷ್ಟವಾಗುತ್ತಿದ್ದದ್ದು ಬೇತಾಳನ ಕಥೆ. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಕತ್ತಲಲ್ಲಿ ನಡೆಯುವ ರಾಜ. ಬೇತಾಳ ಕಥೆ ಹೇಳಿ ಕೊನೆಗೆ ಒಂದು ಪ್ರಶ್ನೆ ಹಾಕುತ್ತಿದ್ದ. ನಮ್ಮ ಅಣ್ಣ ಅಲ್ಲಿಗೆ ನಿಲ್ಲಿಸಿ ಪತ್ರಿಕೆ ಮಡಚಿಟ್ಟು, 'ನೀವು ಹೇಳ್ರೋ' ಅನ್ನುತ್ತಿದ್ದ. ರಾಜ ಏನು ಉತ್ತರ ಕೊಟ್ಟ ಅಂತ ನೋಡುವ ಮೊದಲು ನಾವು ನಾಲ್ಕು ಜನ ಜಗಳವಾಡಿ ಮುಗಿಸಿರುತ್ತಿದ್ದೆವು. ಈ ಬೇತಾಳ ನಿನ್ನೆ ಮೊನ್ನೆಯವನಲ್ಲ. ಸುಮಾರು ಸಾವಿರ ವರ್ಷದ ಹಿಂದೆ ಕಾಶ್ಮೀರದ ಸೋಮದೇವ ಬರೆದ ಕಥಾಸರಿತ್ಸಾಗರದಲ್ಲೇ ಇದ್ದಾನೆ. ಆಗಲೂ ಕಥೆಯ ಕೊನೆಗೆ ಪ್ರಶ್ನೆಯೇ ಇತ್ತು.

ಇನ್ನೊಂದು ಸಂಗತಿ ಹೇಳಬೇಕು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಹೆಸರು ನೀವೆಲ್ಲ ಕೇಳಿದ್ದೀರಿ. 1967ರಲ್ಲಿ ದೆಹಲಿಯಲ್ಲಿ ಟಿವಿಯಲ್ಲಿ ಮಕ್ಕಳ ಕ್ವಿಜ್ ನಡೆಯುತ್ತಿತ್ತು. ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರ ಹೇಳಿದ ಮಕ್ಕಳಿಗೆ ರಾಮನ ತಾಯಿ ಯಾರು ಅನ್ನೋದು ಗೊತ್ತಾಗಲಿಲ್ಲ. ಅದನ್ನು ನೋಡಿದ ಪೈ ಅವರಿಗೆ ಬೇಸರವಾಯಿತು. ಅಮರ ಚಿತ್ರ ಕಥೆ ಬೆಳೆದದ್ದು ಆ ಬೇಸರದಿಂದ. ಆ ಸರಣಿಯ ಮೊದಲ ಹತ್ತು ಪುಸ್ತಕಗಳು ಸಿಂಡ್ರೆಲಾ ಥರದ ಹೊರಗಿನ ಕಥೆಗಳು. ಹನ್ನೊಂದನೆಯದು ಕೃಷ್ಣ. ಅಲ್ಲಿಂದ ಆಚೆಗೆ ಎರಡು ಮೂರು ತಲೆಮಾರಿನ ಮಕ್ಕಳಿಗೆ ಪುರಾಣ ಅಂದರೆ ಆ ಚಿತ್ರಗಳೇ. ಅವರು ಮಾಡಿದ ಕೆಲಸಕ್ಕೆ ನನಗೆ ಅಪಾರ ಗೌರವ. ನನ್ನ ಮಗಳು ಓದಲು ಕಲಿತದ್ದೇ ಆ ಪುಸ್ತಕಗಳಿಂದ.

ಆದರೂ ಒಂದು ಮಾತು. ರಾಮನ ತಾಯಿ ಕೌಸಲ್ಯೆ ಅಂತ ಮಗುವಿಗೆ ಗೊತ್ತಾದರೆ ನಮ್ಮ ಕೆಲಸ ಮುಗಿಯಿತಾ? ಮಗ ಕಾಡಿಗೆ ಹೊರಟಾಗ ಕೌಸಲ್ಯೆ ಏನಂದಳು ಅಂತ ಮಗುವಿಗೆ ಕೇಳಬೇಕು ಅನ್ನಿಸಬೇಕು. ವಾಲ್ಮೀಕಿಯಲ್ಲಿ ಅವಳು ಮೊದಲು ಒಪ್ಪುವುದೇ ಇಲ್ಲ. ಕರು ಹೋದರೆ ಹಸು ಹಿಂದೆ ಹೋಗದೆ ಇರುತ್ತದಾ, ನಾನೂ ಬರ್ತೀನಿ ಅನ್ನುತ್ತಾಳೆ. ಆ ಮಾತನ್ನು ಓದಿದಾಗ ನಮ್ಮ ಜಗಲಿಯ ಪುಟ್ಟ ಹುಡುಗಿ ತಕ್ಷಣ 'ಪುಣ್ಯಕೋಟಿ ಥರ!' ಅಂದಳು. ವಾಲ್ಮೀಕಿಯ ಅಯೋಧ್ಯೆಗೂ ನಮ್ಮ ಕಾಳಿಂಗ ಗೊಲ್ಲನ ದೊಡ್ಡಿಗೂ ಆ ಮಗು ಒಂದೇ ಗಳಿಗೆಯಲ್ಲಿ ದಾರಿ ಮಾಡಿಬಿಟ್ಟಿತು. ನೂರು ಕ್ವಿಜ್ ಆಡಿಸಿದರೂ ಇದು ಬರುತ್ತಿರಲಿಲ್ಲ.

ಪುಣ್ಯಕೋಟಿಯ ವಿಷಯ ಬಂದದ್ದರಿಂದ ಹೇಳುತ್ತೇನೆ. ಆ ಹಾಡು ಓದಿದಾಗಲೆಲ್ಲ ಯಾರಾದರೂ ಒಂದು ಮಗು ಹುಲಿಯ ಪರ ಅಳುತ್ತದೆ. 'ಅದಕ್ಕೆ ಹಸಿವಾಗಿತ್ತಲ್ವಾ? ಅದು ಯಾಕೆ ಸಾಯಬೇಕು?' ಅನ್ನುತ್ತದೆ. ಅಳಲಿ ಬಿಡಿ. ಅರ್ಬುತನಿಗಾಗಿ ಅಳುವ ಮಗುವಿಗೆ ಪುಣ್ಯಕೋಟಿಯೂ ಅರ್ಥವಾಗಿರುತ್ತಾಳೆ.

ಈಗ ಚಿತ್ರಗಳ ಮಾತಿಗೆ ಬರುತ್ತೇನೆ. ಸಣ್ಣ ಮಕ್ಕಳು ಅಕ್ಷರಕ್ಕಿಂತ ಮೊದಲು ಚಿತ್ರ ಓದುತ್ತಾರೆ. ನಾವು ಪುಸ್ತಕ ಕೊಳ್ಳುವಾಗ ಚಿತ್ರವನ್ನು ಮಗುವಿನ ಕಣ್ಣಿಂದ ನೋಡಬೇಕು. ಐದನೇ ತರಗತಿಯ ಹುಡುಗಿ ಒಬ್ಬಳು ಒಂದು ಶನಿವಾರ ಮುಖ ಊದಿಸಿಕೊಂಡು ಬಂದಳು. ಶಾಲೆಯ ನಾಟಕದಲ್ಲಿ ಅವಳಿಗೆ ದ್ರೌಪದಿಯಾಗಬೇಕಿತ್ತಂತೆ. ಬೆಳ್ಳಗಿರೋರು ಬೇಕು ಅಂದರಂತೆ. ಅವಳೂ ಅದನ್ನು ಒಪ್ಪಿಕೊಂಡುಬಿಟ್ಟಿದ್ದಳು. 'ಪುಸ್ತಕದಲ್ಲಿ ದ್ರೌಪದಿ ಬೆಳ್ಳಗೇ ಇರೋದು ಅಜ್ಜಿ' ಅಂತ ನನಗೇ ತೋರಿಸಿದಳು. ನಿಜ, ಆ ಪುಸ್ತಕದಲ್ಲಿ ಗುಲಾಬಿ ಬಣ್ಣದ ದ್ರೌಪದಿ ಇದ್ದಳು.

ನಾನು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ. ದ್ರೌಪದಿಯ ಇನ್ನೊಂದು ಹೆಸರು ಕೃಷ್ಣೆ. ಕಪ್ಪಗಿದ್ದಳು, ಅದಕ್ಕೇ ಆ ಹೆಸರು. ಅವಳ ಅಣ್ಣನ ಹಾಗಿದ್ದ ಕೃಷ್ಣನೂ ಕಪ್ಪು. ಇಡೀ ಭಾರತ ಹೇಳಿದ ವ್ಯಾಸರ ಹೆಸರು ಕೃಷ್ಣದ್ವೈಪಾಯನ, ದ್ವೀಪದಲ್ಲಿ ಹುಟ್ಟಿದ ಕಪ್ಪನೆಯವರು. ಕಥೆ ಹೇಳಿದವರು ಕಪ್ಪು, ಕಥೆಯ ರಾಣಿ ಕಪ್ಪು, ಕಥೆ ನಡೆಸಿದ ದೇವರು ಕಪ್ಪು. ಅವಳು ಬೆರಳು ಮಡಚಿ ಎಣಿಸಿದಳು, ಒಂದು, ಎರಡು, ಮೂರು. ಸೋಮವಾರ ಹೋಗಿ ತನ್ನ ಮಿಸ್‌ಗೆ ಹೇಳಿದಳಂತೆ. ಪಾತ್ರವೇನೂ ಸಿಗಲಿಲ್ಲ. ಆದರೆ ಈಗ ಯಾವ ಹೊಸ ಪುಸ್ತಕ ಕೊಟ್ಟರೂ ಮೊದಲು ದ್ರೌಪದಿಯ ಪುಟ ತೆಗೆದು ಬಣ್ಣ ನೋಡುತ್ತಾಳೆ. ದಯವಿಟ್ಟು ನೀವೂ ಅಂಗಡಿಯಲ್ಲಿ ಆ ಪುಟ ತೆಗೆದು ನೋಡಿ. ರಾಕ್ಷಸರೆಲ್ಲ ಕಪ್ಪು, ದೇವರೆಲ್ಲ ಬಿಳುಪು ಅಂತ ಇದ್ದರೆ ಆ ಪುಸ್ತಕ ಅಲ್ಲೇ ಇಟ್ಟುಬಿಡಿ. ಕಥೆ ಚೆನ್ನಾಗಿದ್ದರೂ ಇಟ್ಟುಬಿಡಿ.

ಒಳ್ಳೆಯವರು, ಕೆಟ್ಟವರು ಅನ್ನೋದೂ ಹಾಗೇ. 'ಕರ್ಣ ಒಳ್ಳೆಯವನಾ ಕೆಟ್ಟವನಾ?' ಇದು ಪ್ರತಿ ವರ್ಷ ಬರುವ ಪ್ರಶ್ನೆ. ಮಕ್ಕಳ ಪುಸ್ತಕಗಳು ಅವಸರದಲ್ಲಿ ಕೌರವರನ್ನೆಲ್ಲ ಒಂದು ಕಡೆ ನೂಕಿಬಿಡುತ್ತವೆ. ಕನ್ನಡದವರು ಹಾಗೆ ಮಾಡಿದವರಲ್ಲ. ಸಾವಿರ ವರ್ಷದ ಹಿಂದೆ ಪಂಪ ಅರ್ಜುನನ ಮೇಲೆ ಕಾವ್ಯ ಬರೆದ. ಅದರ ಹೆಸರೇ ವಿಕ್ರಮಾರ್ಜುನ ವಿಜಯ. ಆದರೆ ಕರ್ಣ ಬಿದ್ದ ಜಾಗಕ್ಕೆ ಬಂದಾಗ, ಭಾರತದಲ್ಲಿ ಒಬ್ಬರನ್ನು ನೆನೆಯುವುದಾದರೆ ಕರ್ಣನನ್ನು ನೆನೆ ಅಂದ. ರನ್ನ ಗದಾಯುದ್ಧ ಬರೆದ. ಗೆದ್ದವನು ಭೀಮ, ಓದಿದವರು ಮರುಗುವುದು ದುರ್ಯೋಧನನಿಗೆ. ಕರ್ಣನಿಗಾಗಿ ಮನಸ್ಸು ಕರಗಿಸುವ ಮಗು ಪಂಪನ ಪಕ್ಕದಲ್ಲೇ ಕೂತಿದೆ ಅಂತ ನಾನು ಅಂದುಕೊಳ್ಳುತ್ತೇನೆ. ಆ ಮಗುವಿಗೂ ಇದನ್ನು ಹೇಳುತ್ತೇನೆ. ನಿನ್ನ ಹಾಗೇ ಯೋಚನೆ ಮಾಡಿದ ದೊಡ್ಡ ಕವಿ ಒಬ್ಬನಿದ್ದ, ನಮ್ಮ ಭಾಷೆಯಲ್ಲೇ ಬರೆದ ಅಂತ.

ಒಂದೇ ಕಥೆ ಹಲವು ಥರ ಇರುತ್ತದೆ ಅನ್ನೋದು ಮಕ್ಕಳಿಗೆ ಚಿಕ್ಕಂದಿನಲ್ಲೇ ಗೊತ್ತಾದರೆ ಒಳ್ಳೆಯದು. ನಮ್ಮ ಜನಪದರು ಹಾಡುವ ರಾಮಾಯಣ ಒಂದಿದೆ. ಅದರಲ್ಲಿ ಶಿವ ಕೊಟ್ಟ ಮಾವಿನಹಣ್ಣನ್ನು ರಾವಣನೇ ತಿಂದು, ಅವನೇ ಬಸುರಾಗಿ, ಒಂದು ದಿನ ಸೀನುತ್ತಾನೆ. ಸೀತಾಗ ಹುಟ್ಟಿದವಳು ಸೀತೆ! ಈ ಕಥೆ ಕನ್ನಡದಲ್ಲಿ ಮಾತ್ರ ಆಗುವಂಥದ್ದು. ಹೇಳಿದ ದಿನ ಮಕ್ಕಳು ಸೀನಿ ಸೀನಿ ಸುಸ್ತಾದರು. ಆಮೇಲೆ ಒಬ್ಬ ಮೆಲ್ಲಗೆ ಕೇಳಿದ, 'ಹಾಗಾದ್ರೆ ರಾವಣ ಕದ್ದುಕೊಂಡು ಹೋಗಿದ್ದು ತನ್ನ ಮಗಳನ್ನೇನಾ?' ನೋಡಿ, ಆ ಕಥೆಯ ನೋವು ಎಲ್ಲಿದೆ ಅಂತ ಆ ಹುಡುಗ ತಾನೇ ಹುಡುಕಿಕೊಂಡ.

ನನಗೆ ತುಂಬ ಪ್ರೀತಿಯ ಇನ್ನೊಂದು ಕಥೆ ಕನಕದಾಸರ ರಾಮಧಾನ್ಯ ಚರಿತೆ. ಮಕ್ಕಳಿಗೆ ಅಂತ ಹುಡುಕಿದರೆ ಇದಕ್ಕಿಂತ ಒಳ್ಳೆಯ ಕಥೆ ಸಿಗುವುದು ಕಷ್ಟ. ಲಂಕೆಯಿಂದ ಬರುವ ದಾರಿಯಲ್ಲಿ ರಾಮ ಒಂದು ಆಶ್ರಮದಲ್ಲಿ ಇಳಿದುಕೊಳ್ಳುತ್ತಾನೆ. ಧಾನ್ಯಗಳಲ್ಲಿ ಯಾವುದು ದೊಡ್ಡದು ಅನ್ನೋ ಮಾತು ಬರುತ್ತದೆ. ಅಕ್ಕಿಗೂ ರಾಗಿಗೂ ಜಗಳ ಹತ್ತುತ್ತದೆ. ಕನಕದಾಸರು ರಾಗಿಯನ್ನು ನರೆದಲೆಗ ಅಂತ ಕರೆಯುತ್ತಾರೆ, ತಲೆ ನರೆತವನು ಅಂತ. ಅಕ್ಕಿ ತನ್ನ ಮೇಲ್ಮೆ ಹೇಳಿಕೊಂಡು ರಾಗಿಯನ್ನು ಹಂಗಿಸುತ್ತದೆ. ನೀನು ಉಳ್ಳವರ ಕಡೆಗೇ ಇರೋನು, ಮಳೆ ಹೋದ ಕಾಲದಲ್ಲಿ ಬಡವರನ್ನು ಸಾಕೋನು ನಾನು ಅಂತ ರಾಗಿ ತಿರುಗಿ ಬೀಳುತ್ತದೆ. ರಾಮ ತಕ್ಷಣ ತೀರ್ಪು ಕೊಡುವುದಿಲ್ಲ. ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿ ಅನ್ನುತ್ತಾನೆ. ಆರು ತಿಂಗಳಾದ ಮೇಲೆ ತೆಗೆದರೆ ಅಕ್ಕಿ ಸೊರಗಿ ಹೋಗಿದೆ, ರಾಗಿ ಹಾಗೇ ಗಟ್ಟಿಯಾಗಿದೆ. ರಾಮ ತನ್ನ ಹೆಸರನ್ನೇ ರಾಗಿಗೆ ಕೊಡುತ್ತಾನೆ.

ಈ ಕಥೆ ಓದಿದ ದಿನ ಮಕ್ಕಳು ನಾವೂ ಸೆರೆಗೆ ಹಾಕೋಣ ಅಂದರು. ಎರಡು ಸ್ಟೀಲ್ ಡಬ್ಬಿ ತಂದೆ. ಒಂದಕ್ಕೆ ಒಂದು ಪಾವು ಅಕ್ಕಿ, ಇನ್ನೊಂದಕ್ಕೆ ಒಂದು ಪಾವು ರಾಗಿ. ಮುಚ್ಚಳದ ಮೇಲೆ ಕಾಗದ ಅಂಟಿಸಿ 'ಸೆರೆಮನೆ' ಅಂತ ಬರೆದು ಅಟ್ಟದ ಮೇಲಿಟ್ಟರು. ಯುಗಾದಿ ಕಳೆದು ಇಟ್ಟದ್ದು, ದಸರಾ ರಜೆಗೆ ತೆಗೆದೆವು. ಅಕ್ಕಿ ಡಬ್ಬಿಯ ಮುಚ್ಚಳ ತೆಗೆಯುತ್ತಲೇ ಹಿಟ್ಟು ಹಿಟ್ಟು ವಾಸನೆ. ಕಾಳಿನ ನಡುವೆ ಕಪ್ಪು ಹುಳ ಹರಿಯುತ್ತಿದ್ದವು. ಎರಡು ಮೂರು ಕಾಳು ಗೂಡು ಕಟ್ಟಿ ಅಂಟಿಕೊಂಡಿದ್ದವು. ರಾಗಿ ಡಬ್ಬಿಯಲ್ಲಿ ಒಂದು ಹುಳವೂ ಇರಲಿಲ್ಲ. ಇಟ್ಟಾಗ ಹೇಗಿತ್ತೋ ಹಾಗೇ, ಕೈ ಹಾಕಿದರೆ ಬೆರಳಿನ ಸಂದಿಯಲ್ಲಿ ತಣ್ಣಗೆ ಜಾರುತ್ತಿತ್ತು. ಮಕ್ಕಳ ಕೂಗಾಟಕ್ಕೆ ಎದುರುಮನೆಯ ಅಜ್ಜ ಎದ್ದು ಬಂದರು. ಅವರೂ ಒಂದು ಹಿಡಿ ತೆಗೆದು ನೋಡಿ, ತಮ್ಮ ಊರಿನಲ್ಲಿ ನೆಲದಡಿ ಹಗೇವು ತೋಡಿ ರಾಗಿ ತುಂಬಿಡುತ್ತಿದ್ದದ್ದು, ಬರ ಬಂದ ವರ್ಷ ಅದನ್ನು ತೆಗೆಯುತ್ತಿದ್ದದ್ದು, ಬಾಯಿ ತೆಗೆದ ಕೂಡಲೇ ಒಳಗೆ ಇಳಿದರೆ ಉಸಿರು ಕಟ್ಟುತ್ತದೆ ಅಂತ ಕಾಯುತ್ತಿದ್ದದ್ದು, ಎಲ್ಲ ಹೇಳಿದರು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಕನಕದಾಸರು ಕಥೆಗೆ ಆರು ತಿಂಗಳು ಅಂತ ಯಾಕೆ ಇಟ್ಟರು ಅಂತ ಅವತ್ತು ಎಲ್ಲರಿಗೂ ಗೊತ್ತಾಯಿತು. ಅವರಿಗೆ ಕಾಳು ಗೊತ್ತಿತ್ತು. ಸಂಸ್ಕೃತಿ ಅನ್ನೋದನ್ನು ಮಕ್ಕಳಿಗೆ ಹೇಗೆ ಹೇಳಿಕೊಡೋದು ಅಂತ ನೀವು ಕೇಳುತ್ತೀರಿ. ನಮ್ಮ ಮನೆಯಲ್ಲಿ ಅದು ಎರಡು ಡಬ್ಬಿಯಲ್ಲಿ ಅಟ್ಟದ ಮೇಲಿತ್ತು.

ಪುಸ್ತಕ ಓದಿದ ಮೇಲೆ ಕಥೆ ಇರುವ ಜಾಗಕ್ಕೆ ಕರೆದುಕೊಂಡು ಹೋಗಿ. ನಾವು ಹಾಸನದವರು ಪುಣ್ಯವಂತರು. ಹಳೇಬೀಡು ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಹೊಯ್ಸಳೇಶ್ವರನ ಗುಡಿಯ ಗೋಡೆಯ ಮೇಲೆ ಕೆಳಗಿಂದ ಸಾಲು ಸಾಲು. ಆನೆ, ಸಿಂಹ, ಬಳ್ಳಿ, ಕುದುರೆ, ಅದರ ಮೇಲೆ ರಾಮಾಯಣ, ಭಾರತ, ಭಾಗವತ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಹೊರಗಿನವರು ಜಾಸ್ತಿ ಬರುತ್ತಿದ್ದಾರೆ. ನಮ್ಮ ಮಕ್ಕಳು ಮಾತ್ರ ಶಾಲೆಯ ಟೂರಿನಲ್ಲಿ ಒಂದು ಸುತ್ತು ಓಡಿ, ಐಸ್‌ಕ್ರೀಂ ತಿಂದು ಬರುತ್ತಾರೆ. ಹಾಗೆ ಆಗಬಾರದು ಅಂತ ನಾವು ಅಭಿಮನ್ಯುವಿನ ಕಥೆ ಓದಿ ಮುಗಿಸಿದ ಮೇಲೆ ಹೋದೆವು. ಅಲ್ಲಿ ಚಕ್ರವ್ಯೂಹದ ಕೆತ್ತನೆ ಇದೆ. ನಾನು ಎಲ್ಲಿದೆ ಅಂತ ಹೇಳಲಿಲ್ಲ, ಹುಡುಕಿ ಅಂದೆ. ಸುಮಾರು ಹೊತ್ತಿನ ಮೇಲೆ ಒಬ್ಬಳು 'ಸಿಕ್ತು!' ಅಂತ ಕಿರುಚಿದಳು. ಎಲ್ಲರೂ ಅಲ್ಲಿಗೆ ಓಡಿದರು. ಸುರುಳಿ ಸುತ್ತಿದ ಹಾಗಿದೆ ಆ ವ್ಯೂಹ. ಮಕ್ಕಳು ಕಲ್ಲು ಮುಟ್ಟದೆ, ಗಾಳಿಯಲ್ಲೇ ಬೆರಳು ಆಡಿಸುತ್ತಾ ಒಳಗೆ ಹೋಗುವ ದಾರಿ ಹಿಡಿದರು. ಏಳು ವರ್ಷದ ಆ ಹುಡುಗ, ಅನ್ನದ ಪ್ರಶ್ನೆ ಕೇಳಿದವನೇ, ಬೆರಳನ್ನು ನಡುವಿನವರೆಗೂ ತಂದು ಅಲ್ಲೇ ನಿಲ್ಲಿಸಿದ. 'ಇಲ್ಲಿಂದ ಆಚೆ ಬರೋದು ಗೊತ್ತಿರ್ಲಿಲ್ಲ' ಅಂದ. ಬಹಳ ಹೊತ್ತು ಬೆರಳು ತೆಗೆಯಲಿಲ್ಲ.

ತರೀಕೆರೆ ಕಡೆ ಹೋದರೆ ಅಮೃತಾಪುರ ಬಿಡಬೇಡಿ. 1196ರ ಗುಡಿ. ಅಲ್ಲಿ ರಾಮಾಯಣದ ಚಿತ್ರಗಳು ಪ್ರದಕ್ಷಿಣೆಗೆ ಎದುರು ದಿಕ್ಕಿನಲ್ಲಿ ಸಾಗುತ್ತವೆ. ಎಲ್ಲಿಂದ ಶುರು ಅಂತ ಮಕ್ಕಳೇ ಪತ್ತೆ ಮಾಡಲಿ.

ಯಾವ ವಯಸ್ಸಿಗೆ ಯಾವ ಪುಸ್ತಕ ಅಂತ ಬರುವಾಗಲೇ ಕೆಲವರು ಕೇಳಿದಿರಿ. ಪಟ್ಟಿ ಕೊಡಲು ನನಗೆ ಇಷ್ಟವಿಲ್ಲ, ನಿಮ್ಮ ಮಗು ನಿಮಗೇ ಗೊತ್ತು. ನಾನು ಮಾಡುವುದನ್ನು ಹೇಳುತ್ತೇನೆ. ತೀರಾ ಚಿಕ್ಕವರಿಗೆ ಬೆಣ್ಣೆ ಕದಿಯುವ ಕೃಷ್ಣ, ಲಾಡು ತಿನ್ನುವ ಗಣೇಶ, ಪಂಚತಂತ್ರದ ಪ್ರಾಣಿಗಳು ಸಾಕು. ಪಂಚತಂತ್ರವನ್ನು ದುರ್ಗಸಿಂಹ ಕನ್ನಡಕ್ಕೆ ತಂದು ಸಾವಿರ ವರ್ಷವಾಗುತ್ತಾ ಬಂತು, ಇನ್ನೂ ಹಳತಾಗಿಲ್ಲ. ತಾವೇ ಓದಲು ಶುರು ಮಾಡಿದವರಿಗೆ ರಾಷ್ಟ್ರೋತ್ಥಾನದ ಭಾರತ ಭಾರತಿ ಪುಸ್ತಕಗಳು. ಎಲ್.ಎಸ್. ಶೇಷಗಿರಿರಾವ್ ಅವರ ಸಂಪಾದಕತ್ವದಲ್ಲಿ ಬಂದ 510 ಪುಟ್ಟ ಪುಸ್ತಕಗಳು ಅವು, ಮಗುವಿನ ಅಂಗೈಗೆ ಹಿಡಿಯುವಷ್ಟು. ಪುರಾಣದವರು, ರಾಜರು, ಸಂತರು, ವಿಜ್ಞಾನಿಗಳು ಎಲ್ಲರೂ ಇದ್ದಾರೆ. ಹತ್ತು ದಾಟಿದವರಿಗೆ ಎ.ಆರ್. ಕೃಷ್ಣಶಾಸ್ತ್ರಿಗಳ ವಚನ ಭಾರತ. ಮೊದಲು ಬಂದದ್ದು 1950ರಲ್ಲಿ. ದಪ್ಪ ಪುಸ್ತಕ, ಮಗು ತಾನೇ ಓದಲಿ ಅಂತ ಬಿಟ್ಟರೆ ಮೂಲೆ ಸೇರುತ್ತದೆ. ರಾತ್ರಿ ಊಟವಾದ ಮೇಲೆ ದಿನಕ್ಕೆ ನಾಲ್ಕೈದು ಪುಟ ನೀವು ಓದಿ. ಗಟ್ಟಿಯಾಗಿ ಓದಿದಾಗ ಆ ಗದ್ಯದ ರುಚಿಯೇ ಬೇರೆ. ನಮ್ಮ ಜಗಲಿಯಲ್ಲಿ ಅದನ್ನು ಮುಗಿಸಲು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಒಬ್ಬರೂ ಬಿಟ್ಟು ಹೋಗಲಿಲ್ಲ.

ಯಾವ ಪುಸ್ತಕವಾದರೂ ಮೊದಲು ನೀವು ಓದಿ. ಇದು ಮಾತ್ರ ಬಿಡಬೇಡಿ. ಕಥೆ ಎಲ್ಲಿ ತಡವರಿಸುತ್ತದೆ, ಏನನ್ನು ಮುಚ್ಚಿಟ್ಟಿದ್ದಾರೆ ಅಂತ ನಿಮಗೆ ಗೊತ್ತಿದ್ದರೆ ಮಗು ಅಲ್ಲಿಗೆ ಬಂದು ಕೇಳಿದಾಗ ಗಾಬರಿಯಾಗುವುದಿಲ್ಲ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. 'ದೊಡ್ಡವರ ಬಗ್ಗೆ ಹಾಗೆಲ್ಲ ಕೇಳಬಾರದು' ಅಂತ ಮಾತ್ರ ಅನ್ನಬೇಡಿ. ಒಂದು ಸಲ ಹಾಗೆ ಅನ್ನಿಸಿಕೊಂಡ ಮಗು ಎರಡನೇ ಸಲ ಕೇಳುವುದಿಲ್ಲ. ಪುಸ್ತಕವನ್ನೂ ಮುಟ್ಟುವುದಿಲ್ಲ.

ಮಾತು ಮುಗಿದ ಮೇಲೆ ಮೂರು ಜನ ಪ್ರಶ್ನೆ ಕೇಳಿದರು. ಅದನ್ನೂ ಇಲ್ಲಿ ಬರೆಯುತ್ತೇನೆ.

ಒಬ್ಬರು ತಂದೆ: 'ಇದೆಲ್ಲ ನಿಜವಾಗ್ಲೂ ನಡೆದಿದ್ದಾ ಅಂತ ಮಗ ಕೇಳ್ತಾನೆ. ಏನು ಹೇಳ್ಲಿ ಮೇಡಂ?' ನಾನು ನನ್ನ ಅನುಭವ ಹೇಳಿದೆ. ನಮ್ಮ ಜಗಲಿಗೆ ಬರುವವರಲ್ಲಿ ದಿನಾ ಪೂಜೆ ಮಾಡುವ ಮನೆಯ ಮಕ್ಕಳಿದ್ದಾರೆ, ದೇವರನ್ನು ನಂಬದ ಮನೆಯ ಮಕ್ಕಳಿದ್ದಾರೆ, ಬೇರೆ ಧರ್ಮದ ಮಕ್ಕಳೂ ಇದ್ದಾರೆ. ಈ ಪ್ರಶ್ನೆ ಬಂದಾಗ ನಾನು, 'ಕೆಲವರು ನಡೆದಿದ್ದು ಅಂತ ನಂಬ್ತಾರೆ, ಕೆಲವರು ಕಥೆ ಅಂತಾರೆ. ಏಕಲವ್ಯನ ಹೆಬ್ಬೆರಳು ನೆನೆಸಿಕೊಂಡಾಗ ನಿನಗೆ ನೋವಾಯ್ತಲ್ಲ, ಆ ನೋವಂತೂ ನಿಜ' ಅನ್ನುತ್ತೇನೆ. ಇಲ್ಲಿಯವರೆಗೆ ಯಾವ ಮಗುವಿಗೂ ಅದು ಸಾಲದು ಅನ್ನಿಸಿಲ್ಲ.

ಒಬ್ಬರು ತಾಯಿ: 'ಇಂಗ್ಲಿಷ್ ಮೀಡಿಯಂ ಮಕ್ಕಳು, ಕನ್ನಡ ಪುಸ್ತಕ ಕೊಟ್ರೆ ಓದೋದೇ ಇಲ್ಲ.' ಇಂಗ್ಲಿಷಿನಲ್ಲೇ ಓದಲಿ ತಾಯಿ, ಅದರಲ್ಲಿ ತಪ್ಪಿಲ್ಲ, ಆ ಪುಸ್ತಕದ ಮೇಲಿನ ಮಾತು ಮಾತ್ರ ಮನೆಯಲ್ಲಿ ಕನ್ನಡದಲ್ಲಿ ನಡೆಯಲಿ ಅಂದೆ. ಸೀತೆ ಸೀನಿನಿಂದ ಹುಟ್ಟಿದ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಲು ಪ್ರಯತ್ನ ಮಾಡಿ ನೋಡಿ, ಮಗುವೇ ಕನ್ನಡಕ್ಕೆ ಬರುತ್ತದೆ.

ಕೊನೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತರು. ಮೊಮ್ಮಗಳು ಅಮೆರಿಕದಲ್ಲಿದ್ದಾಳೆ, ಆರು ವರ್ಷ. ವಿಡಿಯೋ ಕಾಲ್ ಮಾಡಿದರೆ 'ಹಾಯ್ ತಾತ' ಅಂತ ಅಂದು ಓಡಿಹೋಗುತ್ತಾಳೆ, ನಾನೇನು ಮಾಡಲಿ ಅಂದರು. ಅವರ ದನಿ ಸ್ವಲ್ಪ ನಡುಗಿತು. ನಮ್ಮ ಬೀದಿಯ ಒಬ್ಬ ಅಜ್ಜಿ ಮಾಡುವುದನ್ನು ಅವರಿಗೆ ಹೇಳಿದೆ. ಅವರು ಒಂದೇ ಚಿತ್ರದ ಪುಸ್ತಕದ ಎರಡು ಪ್ರತಿ ಕೊಂಡರು. ಒಂದನ್ನು ಊರಿಗೆ ಬಂದಿದ್ದ ಮಗನ ಕೈಯಲ್ಲಿ ಕಳಿಸಿದರು, ಒಂದನ್ನು ತಾವೇ ಇಟ್ಟುಕೊಂಡರು. ಭಾನುವಾರ ಬೆಳಿಗ್ಗೆ ಇಲ್ಲಿ ತಿಂಡಿ ಹೊತ್ತು, ಅಲ್ಲಿ ಶನಿವಾರ ರಾತ್ರಿ ಮಗು ಮಲಗುವ ಹೊತ್ತು. ಇಬ್ಬರೂ ಒಂದೇ ಪುಟ ತೆಗೆಯುತ್ತಾರೆ. ಅಜ್ಜಿ ಕನ್ನಡದಲ್ಲಿ ಓದುತ್ತಾರೆ, ಮೊಮ್ಮಗ ಆ ಕಡೆ ಚಿತ್ರದ ಮೇಲೆ ಬೆರಳಿಡುತ್ತಾನೆ. ಹನುಮಂತ ಸಮುದ್ರ ಹಾರುವ ಪುಟ ಬಂದಾಗ ಹುಡುಗ ಪುಸ್ತಕವನ್ನು ಕ್ಯಾಮೆರಾದ ಹತ್ತಿರ ತಂದು ಕೇಳಿದನಂತೆ, 'ಅಜ್ಜಿ, ಹನುಮಂತ ನಮ್ಮನೆ ಮೇಲಿಂದ ಹೋದ್ನಾ, ನಿಮ್ಮನೆ ಮೇಲಿಂದ ಹೋದ್ನಾ?'

ಅಜ್ಜಿ ಇನ್ನೂ ಉತ್ತರ ಹೇಳಿಲ್ಲ. ಮುಂದಿನ ಭಾನುವಾರ ಇಬ್ಬರೂ ಭೂಪಟ ಹಿಡಿದು ಕೂರುವುದು ಅಂತ ಮಾತಾಗಿದೆ. ಆ ಹಿರಿಯರು ಹೋಗುವ ಮುಂಚೆ ಮೇಜಿನ ಮೇಲಿದ್ದ ಹನುಮಂತನ ಪುಸ್ತಕದ ಹೆಸರನ್ನು ಬಸ್ ಟಿಕೆಟಿನ ಹಿಂದೆ ಬರೆದುಕೊಂಡರು. ಎಲ್ಲಿ ಸಿಗುತ್ತೆ ಅಂತ ಕೇಳಿ, ಅದರ ಕೆಳಗೆ 'ಎರಡು' ಅಂತ ಬರೆದು ಜೇಬಿಗಿಟ್ಟುಕೊಂಡರು.